ನಾರ್ಮಲ್ ಹೆರಿಗೆ, ಸಿಜೇರಿಯನ್ ಮತ್ತು ಕೂಸಿನ ಹೃದಯ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ, ಆಗತಾನೇ ಹುಟ್ಟಿದ ಕೂಸುಗಳ ವಾರ್ಡಿನಲ್ಲಿ ನಾನು ಸ್ಟಾಫ್ ನರ್ಸ್. ಗೋಕಾಕ, ಅಥಣಿ, ಸವದತ್ತಿ, ಖಾನಾಪುರ ಕಡೆಯಿಂದ ಬಂದವರು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿರುತ್ತಾರೆ. ಕೈಯಲ್ಲಿ ಲ್ಯಾಬಿನ ಚೀಟಿ. ನಾನು ಬಾಗಿಲು ತೆರೆದ ಕೂಡಲೇ ಎದ್ದು ಬರುತ್ತಾರೆ. "ಸಿಸ್ಟರ್, ಕೂಸಿನ ಹಾರ್ಟಿಗೆ ಏನರ ಆಗೇತೇನ್ರಿ? ಸಿಜರ್ ಮಾಡಿಸಿದ್ದಕ್ಕ ಆತೇನ್ರಿ?" ನಿಂತ ಕಾಲಲ್ಲಿ ಅರ್ಧ ನಿಮಿಷದಲ್ಲಿ ಹೇಳಿದ ಉತ್ತರದಿಂದ ಯಾರಿಗೂ ಸಮಾಧಾನ ಆಗುವುದಿಲ್ಲ. ಅದಕ್ಕೇ ಇಲ್ಲಿ ಬಿಡಿಸಿ ಬರೆದಿದ್ದೇನೆ.

ಹೃದಯದ ಒತ್ತಡ ತೋರಿಸುವ ರಕ್ತಪರೀಕ್ಷೆ ಅಂದರೆ ಯಾವುದು?

ಸಾಮಾನ್ಯವಾಗಿ ಮೂರು ಹೆಸರು ಕೇಳುತ್ತೀರಿ. ಮೊದಲನೆಯದು ಟ್ರೊಪೊನಿನ್. ಇದು ಹೃದಯದ ಸ್ನಾಯುವಿನ ಒಳಗೇ ಇರುವ ಪ್ರೋಟೀನ್. ಸ್ನಾಯುವಿಗೆ ತ್ರಾಸ ಆದಾಗ ಸ್ವಲ್ಪ ಸೋರಿ ರಕ್ತಕ್ಕೆ ಬರುತ್ತದೆ. ಎರಡನೆಯದು ಎನ್‌ಟಿ-ಪ್ರೊಬಿಎನ್‌ಪಿ. ಹೃದಯದ ಕೋಣೆಗಳು ಜಾಸ್ತಿ ರಕ್ತದಿಂದ ಹಿಗ್ಗಿದಾಗ ಹೃದಯವೇ ಇದನ್ನು ಹೊರಗೆ ಬಿಡುತ್ತದೆ. ಟ್ರೊಪೊನಿನ್ ಹೇಳುವುದು ಪೆಟ್ಟಿನ ಸುದ್ದಿ, ಇದು ಹೇಳುವುದು ಹೊರೆಯ ಸುದ್ದಿ.

ಮೂರನೆಯದು ಸಿಕೆ-ಎಂಬಿ, ಹಳೆಯ ಪರೀಕ್ಷೆ. ಕೂಸುಗಳ ವಿಷಯದಲ್ಲಿ ಇದರ ಮೇಲೆ ನನಗೆ ಅಷ್ಟು ಭರವಸೆ ಇಲ್ಲ. ಯಾಕೆಂದರೆ ಇದು ಕೈಕಾಲಿನ ಸ್ನಾಯುಗಳಿಂದಲೂ ಬರುತ್ತದೆ. ಇಕ್ಕಟ್ಟಾದ ದಾರಿಯಲ್ಲಿ ಒತ್ತಿಸಿಕೊಂಡು ಹೊರಬಂದ ಕೂಸಿನ ಮೈಯೆಲ್ಲ ಹಿಂಡಿರುತ್ತದೆ. ಹಾಗಾಗಿ ನಾರ್ಮಲ್ ಹೆರಿಗೆ ಆದ ಮೇಲೆ ಇದು ಏರುವುದು ಸಹಜ. ಅಷ್ಟಕ್ಕೇ ಹೃದಯಕ್ಕೆ ಪೆಟ್ಟಾಗಿದೆ ಅನ್ನಲು ಬರುವುದಿಲ್ಲ.

ದೊಡ್ಡವರಿಗೆ ಟ್ರೊಪೊನಿನ್ ಏರಿದರೆ ಹಾರ್ಟ್ ಅಟ್ಯಾಕ್ ಅಂತಾರೆ. ನಮ್ಮ ಕೂಸಿನ ರಿಪೋರ್ಟಿನಲ್ಲೂ 'ಹೈ' ಅಂತ ಬಂದಿದೆಯಲ್ಲ?

ಇದು ನಾನು ಅತಿ ಹೆಚ್ಚು ಕೇಳಿದ ಪ್ರಶ್ನೆ. ರಾತ್ರಿಯೆಲ್ಲ ನಿದ್ದೆಗೆಟ್ಟ ಅಪ್ಪಂದಿರು ಇದನ್ನು ಮೊಬೈಲಿನಲ್ಲಿ ಹುಡುಕಿ, ಇನ್ನಷ್ಟು ಹೆದರಿ ಬರುತ್ತಾರೆ.

ಲ್ಯಾಬಿನ ಚೀಟಿಯಲ್ಲಿ ಪಕ್ಕಕ್ಕೆ ಅಚ್ಚಾಗಿರುವ ಮಿತಿ ಬಹಳ ಸಲ ದೊಡ್ಡವರದ್ದು. ಟ್ರೊಪೊನಿನ್-ಟಿಯ ಸೂಕ್ಷ್ಮ ಪರೀಕ್ಷೆಗೆ ದೊಡ್ಡವರಲ್ಲಿ ಲೀಟರಿಗೆ 14 ನ್ಯಾನೋಗ್ರಾಂ ಮಿತಿ ಅಂತ ಹಿಡಿಯುತ್ತಾರೆ. ಚೆನ್ನಾಗಿ ಅತ್ತು, ಚೆನ್ನಾಗಿ ಹಾಲು ಕುಡಿಯುವ ಕೂಸುಗಳೂ ಮೊದಲ ದಿನಗಳಲ್ಲಿ ಈ ಮಿತಿಯನ್ನು ದಾಟುತ್ತವೆ. ಎನ್‌ಟಿ-ಪ್ರೊಬಿಎನ್‌ಪಿಯಂತೂ ಇನ್ನೂ ಹೆಚ್ಚು. ದೊಡ್ಡವರಲ್ಲಿ ಮಿಲಿಲೀಟರಿಗೆ 125 ಪಿಕೋಗ್ರಾಂ ದಾಟಿದರೆ ಡಾಕ್ಟರು ಹೃದಯ ಸೋತಿದೆಯಾ ಅಂತ ನೋಡಲು ಶುರು ಮಾಡುತ್ತಾರೆ. ಆರೋಗ್ಯವಾಗಿರುವ ಕೂಸಿನಲ್ಲಿ ಮೊದಲ ಎರಡು ದಿನ ಅದು ಸಾವಿರಗಳ ಲೆಕ್ಕದಲ್ಲಿ ಇರಬಹುದು. ಆಮೇಲೆ ವಾರದೊಳಗೆ ಇಳಿಯುತ್ತಾ ಹೋಗುತ್ತದೆ.

ಆದ್ದರಿಂದ 'ಹೈ' ಅನ್ನುವ ಅಕ್ಷರ ನೋಡಿ ಗಾಬರಿ ಆಗಬೇಡಿ. ಕೇಳಬೇಕಾದ್ದು ಇದು: "ಡಾಕ್ಟರೇ, ಹುಟ್ಟಿ ಇಷ್ಟು ಗಂಟೆ ಆದ ಕೂಸಿಗೆ ಇದು ಜಾಸ್ತಿನಾ?" ಹುಟ್ಟಿದ ಮೊದಲ ದಿನದ ಲೆಕ್ಕ ಬೇರೆ, ಹತ್ತನೇ ದಿನದ ಲೆಕ್ಕ ಬೇರೆ.

ಹುಟ್ಟುವಾಗ ಹೃದಯಕ್ಕೆ ಅಷ್ಟು ಕೆಲಸ ಯಾಕೆ?

ಹೊಟ್ಟೆಯೊಳಗೆ ಕೂಸಿನ ಶ್ವಾಸಕೋಶದಲ್ಲಿ ಗಾಳಿ ಇರುವುದಿಲ್ಲ, ನೀರು ತುಂಬಿರುತ್ತದೆ. ಆಮ್ಲಜನಕ ಬರುವುದು ಹೊಕ್ಕಳಬಳ್ಳಿಯಿಂದ. ರಕ್ತದ ಹೆಚ್ಚಿನ ಪಾಲು ಶ್ವಾಸಕೋಶಕ್ಕೆ ಹೋಗದೆ ಎರಡು ಅಡ್ಡದಾರಿಗಳಲ್ಲಿ ಹಾಯುತ್ತದೆ. ಒಂದು, ಹೃದಯದ ಮೇಲಿನ ಕೋಣೆಗಳ ನಡುವಿನ ಕಿಂಡಿ. ಇನ್ನೊಂದು, ಎರಡು ದೊಡ್ಡ ರಕ್ತನಾಳಗಳನ್ನು ಕೂಡಿಸುವ ಸಣ್ಣ ನಾಳ.

ಮೊದಲ ಉಸಿರು ಎಳೆದ ಕೂಡಲೇ ಶ್ವಾಸಕೋಶ ಬಿಚ್ಚಿಕೊಳ್ಳುತ್ತದೆ. ರಕ್ತ ಅತ್ತ ನುಗ್ಗುತ್ತದೆ. ಬಳ್ಳಿ ಕಟ್ಟಿದ ಮೇಲೆ ಹೃದಯದ ಎಡಭಾಗಕ್ಕೆ ಇಡೀ ಮೈಯ ಹೊರೆ ಬೀಳುತ್ತದೆ. ಕಿಂಡಿ ಒತ್ತಿ ಮುಚ್ಚಿಕೊಳ್ಳುತ್ತದೆ. ಸಣ್ಣ ನಾಳ ದಿನ ತುಂಬಿದ ಕೂಸುಗಳಲ್ಲಿ ಸಾಮಾನ್ಯವಾಗಿ ಮೂರು ದಿನದೊಳಗೆ ಬಿಗಿಯುತ್ತದೆ. ನಾರ್ಮಲ್ ಆಗಲಿ, ಸಿಜೇರಿಯನ್ ಆಗಲಿ, ಈ ಬದಲಾವಣೆಯನ್ನು ಪ್ರತಿಯೊಂದು ಕೂಸೂ ದಾಟಲೇಬೇಕು. ಮೊದಲ ದಿನದ ರಕ್ತದಲ್ಲಿ ಕಾಣುವ ಏರಿಕೆಯ ದೊಡ್ಡ ಪಾಲು ಇದರದ್ದೇ.

ಹಾಗಾದರೆ ಯಾವ ಹೆರಿಗೆಯಲ್ಲಿ ಹೃದಯಕ್ಕೆ ತ್ರಾಸ ಜಾಸ್ತಿ?

ಇಲ್ಲಿ ಎರಡು ವಿಷಯ ಕಲಸಿಹೋಗುತ್ತವೆ. ಒಂದು, ಮೈಯ ಒತ್ತಡದ ಹಾರ್ಮೋನುಗಳು: ಅಡ್ರಿನಾಲಿನ್, ನಾರ್‌ಅಡ್ರಿನಾಲಿನ್, ಕಾರ್ಟಿಸಾಲ್, ವಾಸೊಪ್ರೆಸಿನ್. ಇನ್ನೊಂದು, ಹೃದಯದ ಸ್ನಾಯುವಿನ ಗುರುತುಗಳು: ಟ್ರೊಪೊನಿನ್ ಮತ್ತು ಅದರ ಜೊತೆಯವು.

ಹಾರ್ಮೋನುಗಳ ವಿಷಯದಲ್ಲಿ ವ್ಯತ್ಯಾಸ ಸ್ಪಷ್ಟ. ಬೇನೆ ತಿಂದು ಹುಟ್ಟಿದ ಕೂಸಿನ ಹೊಕ್ಕಳಬಳ್ಳಿಯ ರಕ್ತದಲ್ಲಿ ಇವು ಬಹಳ ಜಾಸ್ತಿ. ಬೇನೆ ಶುರುವಾಗುವ ಮೊದಲೇ ಸಿಜೇರಿಯನ್ ಆದ ಕೂಸಿನಲ್ಲಿ ಕಮ್ಮಿ. ಬೇನೆ ಬಂದು, ಅರ್ಧ ದಾರಿ ಆದ ಮೇಲೆ ತುರ್ತಾಗಿ ಸಿಜೇರಿಯನ್ ಆಯಿತು ಅನ್ನಿ. ಆ ಕೂಸು ಬೇನೆಯ ಒತ್ತಡವನ್ನು ಆಗಲೇ ಕಂಡಿರುತ್ತದೆ. ಹೊರಬಂದ ದಾರಿ ಯಾವುದು ಅನ್ನುವುದಕ್ಕಿಂತ ಬೇನೆ ಬಂದಿತ್ತಾ ಇಲ್ಲವಾ ಅನ್ನುವುದೇ ಇಲ್ಲಿ ಮುಖ್ಯ.

ಟ್ರೊಪೊನಿನ್, ಎನ್‌ಟಿ-ಪ್ರೊಬಿಎನ್‌ಪಿಗಳ ಮಾತು ಬೇರೆ. ದಿನ ತುಂಬಿದ, ಗಟ್ಟಿಮುಟ್ಟಾದ ಕೂಸುಗಳನ್ನು ಹೋಲಿಸಿ ನೋಡಿದ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಎಷ್ಟೋ ಕಡೆ ಎರಡು ಬಗೆಯ ಹೆರಿಗೆಯಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೆಲವು ಸಣ್ಣ ಅಧ್ಯಯನಗಳಲ್ಲಿ ಒಂದು ಕಡೆ ತುಸು ಜಾಸ್ತಿ ಕಂಡಿತು. ಆದರೆ ಕೂಸಿಗೆ ಆಮ್ಲಜನಕ ಕಮ್ಮಿಯಾದರೆ ಟ್ರೊಪೊನಿನ್ ಏರುತ್ತದೆ. ಅದು ಮತ್ತೆ ಮತ್ತೆ ಕಂಡ ಸತ್ಯ.

ಹೀಗಾಗಿ "ನಾರ್ಮಲ್ ಆದ್ರೆ ಹೃದಯ ಗಟ್ಟಿ, ಸಿಜೇರಿಯನ್ ಆದ್ರೆ ವೀಕ್" ಅನ್ನುವ ಮಾತಿಗೆ ಆಧಾರ ಇಲ್ಲ. "ನಾರ್ಮಲ್‌ನಲ್ಲಿ ಕೂಸಿಗೆ ತ್ರಾಸ, ಸುಮ್ನೆ ಆಪರೇಷನ್ ಮಾಡಿಸಿಬಿಡೋಣ" ಅನ್ನುವುದಕ್ಕೂ ಆಧಾರ ಇಲ್ಲ.

ಒತ್ತಡದ ಹಾರ್ಮೋನು ಏರಿದರೆ ಕೆಟ್ಟದ್ದಲ್ಲವಾ?

ಹುಟ್ಟುವ ಹೊತ್ತಿನಲ್ಲಿ ಅಲ್ಲ. ಸ್ವೀಡನ್ನಿನ ಮಕ್ಕಳ ವೈದ್ಯ ಹ್ಯೂಗೊ ಲಾಗರ್‌ಕ್ರಾಂಟ್ಸ್ ಮತ್ತು ಅವರ ಜೊತೆಗಾರರು 1980ರ ದಶಕದಲ್ಲೇ ಇದನ್ನು ತೋರಿಸಿದರು. ಅಡ್ರಿನಾಲಿನ್ ಏರಿದಾಗ ಶ್ವಾಸಕೋಶದ ಜೀವಕೋಶಗಳು ಒಳಗಿನ ನೀರನ್ನು ಹೀರಿಕೊಳ್ಳಲು ಶುರು ಮಾಡುತ್ತವೆ. ಎದೆ ಒತ್ತಿದ್ದರಿಂದಲೇ ನೀರು ಹೊರಗೆ ಬರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ದೊಡ್ಡ ಕೆಲಸ ಮಾಡುವುದು ಈ ಹೀರಿಕೆ. ಜೊತೆಗೆ ಹೃದಯ ಮತ್ತು ಮಿದುಳಿಗೆ ರಕ್ತ ಹೆಚ್ಚು ಹರಿಯುತ್ತದೆ. ಕೂಡಿಟ್ಟ ಸಕ್ಕರೆ ಬಿಡುಗಡೆ ಆಗುತ್ತದೆ. ಕೂಸು ಕಣ್ಣು ಬಿಟ್ಟು ಎಚ್ಚರವಾಗಿರುತ್ತದೆ. ಹುಟ್ಟಿದ ಮೊದಲ ಗಂಟೆಯಲ್ಲಿ ತಾಯಿಯ ಮುಖವನ್ನು ದಿಟ್ಟಿಸಿ ನೋಡುವ ಕೂಸನ್ನು ನಾನು ಸಾವಿರ ಸಲ ನೋಡಿದ್ದೇನೆ. ಪ್ರತಿ ಸಲವೂ ಎದೆ ತುಂಬಿ ಬರುತ್ತದೆ.

ಅಮಾವಾಸ್ಯೆ ಬರುವ ಮುಂಚೆ, ಒಳ್ಳೆಯ ಮುಹೂರ್ತ ನೋಡಿ ಸಿಜೇರಿಯನ್ ಮಾಡಿಸಿದರೆ ಏನಾಗುತ್ತದೆ?

ಡಾಕ್ಟರು ಸಿಜೇರಿಯನ್ ಬೇಕೇ ಬೇಕು ಅಂದಿದ್ದು, ದಿನ ತುಂಬಿದ್ದರೆ, ಆ ವಾರದಲ್ಲಿ ಸೋಮವಾರವೋ ಗುರುವಾರವೋ ಅನ್ನುವುದು ನಿಮ್ಮಿಷ್ಟ. ತೊಂದರೆ ಇರುವುದು ದಿನ ತುಂಬುವ ಮೊದಲೇ ತೆಗೆಸುವುದರಲ್ಲಿ.

ನಮ್ಮ ಕಡೆ "ಒಂಬತ್ತರಾಗ ಬಿದ್ದಾಳ" ಅಂತಾರೆ. ಅದನ್ನೇ ದಿನ ತುಂಬಿತು ಅಂತ ಹಿಡಿಯುತ್ತಾರೆ. ಒಂಬತ್ತರಲ್ಲಿ ಬೀಳುವುದು ಅಂದರೆ ಎಂಟು ತಿಂಗಳು ಮುಗಿದದ್ದು, ಸುಮಾರು 35 ವಾರ. ಮುಟ್ಟಿನ ಕೊನೆಯ ಸಲದ ಮೊದಲ ದಿನದಿಂದ ಎಣಿಸಿ ಒಂಬತ್ತು ತಿಂಗಳು ಪೂರ್ತಿ ಆದಾಗ 39 ವಾರ. ಬೇರೆ ತೊಂದರೆ ಇಲ್ಲದಿದ್ದರೆ, ಮೊದಲೇ ದಿನ ಗೊತ್ತು ಮಾಡಿದ ಸಿಜೇರಿಯನ್‌ಗೆ 39 ವಾರ ಆಗುವವರೆಗೆ ಕಾಯಬೇಕು. ಈ ನಾಲ್ಕು ವಾರದ ಅಂತರ ಕೂಸಿಗೆ ಬಹಳ ದೊಡ್ಡದು.

ಬೇನೆಯೂ ಇಲ್ಲ, ದಿನವೂ ತುಂಬಿಲ್ಲ ಅಂದರೆ ಶ್ವಾಸಕೋಶದ ನೀರು ಬೇಗ ಆರುವುದಿಲ್ಲ. ಕೂಸು ಜೋರಾಗಿ ಏದುಸಿರು ಬಿಡುತ್ತದೆ. ಕೆಲವು ಕೂಸುಗಳಲ್ಲಿ ಶ್ವಾಸಕೋಶದ ರಕ್ತನಾಳಗಳು ಬಿಗಿಯಾಗಿಯೇ ಉಳಿಯುತ್ತವೆ. ಆಗ ಹೃದಯದ ಬಲಭಾಗ ಅದಕ್ಕೆ ಎದುರಾಗಿ ರಕ್ತ ತಳ್ಳಿ ದಣಿಯುತ್ತದೆ. ಹೃದಯಕ್ಕೆ ನಿಜವಾದ ಹೊರೆ ಅಂದರೆ ಇದು. ದಯವಿಟ್ಟು ತಾಯಿ ಕಾರ್ಡಿನಲ್ಲಿ ಬರೆದ ದಿನ ನೋಡಿ, ಸ್ಕ್ಯಾನಿಂಗ್ ರಿಪೋರ್ಟ್ ನೋಡಿ. ಪಂಚಾಂಗ ಆಮೇಲೆ ನೋಡಿ.

ಹಳ್ಳಿಯಲ್ಲಿ ಬೇನೆ ಜೋರಾಗಲಿ ಅಂತ ಸೂಜಿ ಹಾಕಿಸಿದ್ದೆವು. ಅದರಿಂದ ಕೂಸಿಗೆ ತೊಂದರೆ ಆಗಿರಬಹುದಾ?

ಆಗಬಹುದು. ಈ ಪುಟದಲ್ಲಿ ನೀವು ಒಂದೇ ಉತ್ತರ ಓದುವುದಾದರೆ ಇದನ್ನು ಓದಿ ಅಂತ ಕೈಮುಗಿದು ಕೇಳುತ್ತೇನೆ.

ಬೇನೆ ಬಂದಾಗ ಗರ್ಭಕೋಶ ಬಿಗಿಯುತ್ತದೆ. ಬಿಗಿದಷ್ಟು ಹೊತ್ತು ಕಸಕ್ಕೆ, ಅಂದರೆ ಮಾಸು ಅಥವಾ ಪ್ಲಾಸೆಂಟಾಕ್ಕೆ, ಹೋಗುವ ತಾಯಿಯ ರಕ್ತ ಕಮ್ಮಿಯಾಗುತ್ತದೆ. ಹೊಟ್ಟೆಯೊಳಗಿನ ಕೂಸಿಗೆ ಆಮ್ಲಜನಕ ಸಿಗುವುದು ಆ ಕಸದಿಂದಲೇ. ಅಂದರೆ ಅಷ್ಟು ಹೊತ್ತು ಕೂಸು ಉಸಿರು ಹಿಡಿದಂತೆ. ಬೇನೆ ಬಿಟ್ಟ ಕೂಡಲೇ ರಕ್ತ ಮತ್ತೆ ಹರಿಯುತ್ತದೆ, ಕೂಸು ಚೇತರಿಸಿಕೊಳ್ಳುತ್ತದೆ. ಎರಡು ಬೇನೆಗಳ ನಡುವಿನ ಬಿಡುವು ತಾಯಿಗೆ ಎಷ್ಟು ಬೇಕೋ ಕೂಸಿಗೂ ಅಷ್ಟೇ ಬೇಕು.

ಆಕ್ಸಿಟೋಸಿನ್ ಸೂಜಿಯನ್ನು ಮಾಂಸಕ್ಕೆ ಒಮ್ಮೆ ಚುಚ್ಚಿದರೆ ಮುಗಿಯಿತು, ಅದನ್ನು ವಾಪಸ್ ತೆಗೆಯಲು ಬರುವುದಿಲ್ಲ. ಬೇನೆ ಒಂದರ ಮೇಲೊಂದು ಬೀಳುತ್ತದೆ. ಬಿಡುವೇ ಇರುವುದಿಲ್ಲ. ಹೃದಯದ ಸ್ನಾಯುವಿಗೂ ಮಿದುಳಿಗೂ ಆಮ್ಲಜನಕ ಕಮ್ಮಿಯಾಗುತ್ತದೆ. ಟ್ರೊಪೊನಿನ್ ನಿಜವಾಗಿ ಏರುವುದು ಇಂಥಲ್ಲಿ. ಹಳೆಯ ಸಿಜೇರಿಯನ್ ಹೊಲಿಗೆ ಇದ್ದವರಿಗಂತೂ ಗರ್ಭಕೋಶವೇ ಒಡೆಯುವ ಅಪಾಯ ಇದೆ.

ಆಸ್ಪತ್ರೆಯಲ್ಲೂ ಇದೇ ಔಷಧಿ ಕೊಡುತ್ತಾರಲ್ಲ ಅಂತ ಕೇಳುತ್ತಾರೆ. ಕೊಡುತ್ತಾರೆ, ಆದರೆ ಸಲೈನಿನಲ್ಲಿ ಹನಿಹನಿಯಾಗಿ. ಪಕ್ಕದಲ್ಲಿ ಒಬ್ಬರು ನಿಂತು ಎಣಿಸುತ್ತಾರೆ. ಹತ್ತು ನಿಮಿಷದಲ್ಲಿ ಐದಕ್ಕಿಂತ ಜಾಸ್ತಿ ಬೇನೆ ಬಂದರೆ ಹನಿ ಕಮ್ಮಿ ಮಾಡುತ್ತಾರೆ ಇಲ್ಲವೇ ನಿಲ್ಲಿಸುತ್ತಾರೆ. ಕೂಸಿನ ಎದೆಬಡಿತ ನಿಮಿಷಕ್ಕೆ 110ರಿಂದ 160ರೊಳಗೆ ಇದೆಯಾ ಅಂತ ಕೇಳುತ್ತಲೇ ಇರುತ್ತಾರೆ.

ಗರ್ಭಕೋಶ ಬಿಗಿಯುವ ಔಷಧಿ ಕೂಸು ಹೊರಬಂದ ಮೇಲೆ ಕೊಟ್ಟರೆ ತಾಯಿಯ ಜೀವ ಉಳಿಸುತ್ತದೆ. ಇದಕ್ಕೆ ದೂರದ ಉದಾಹರಣೆ ಬೇಡ. ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲೇ 1620 ಹೆಂಗಸರ ಮೇಲೆ ನಡೆದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಹೆರಿಗೆ ಆದ ಕೂಡಲೇ ಸಿಸ್ಟರುಗಳು ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟ ಗುಂಪಿನಲ್ಲಿ ಜಾಸ್ತಿ ರಕ್ತ ಹೋಗುವುದು ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ಕೂಸು ಹೊರಬಂದ ಮೇಲೆ ಇಷ್ಟು ಉಪಕಾರ ಮಾಡುವ ಬಿಗಿತವೇ, ಕೂಸು ಒಳಗಿರುವಾಗ ಅಳತೆ ಮೀರಿದರೆ ಅದರ ಉಸಿರು ಕಟ್ಟಿಸುತ್ತದೆ. ಹೆರಿಗೆಗೆ ಮೊದಲು ಇಂಥ ಸೂಜಿ ಹಾಕಿಸಿದ್ದರೆ ಮುಚ್ಚಿಡಬೇಡಿ. ಎಷ್ಟು ಹೊತ್ತಿಗೆ ಹಾಕಿದರು ಅಂತ ನಮಗೆ ಹೇಳಿ. ನಾವು ಬೈಯುವುದಿಲ್ಲ. ಕೂಸನ್ನು ಹೇಗೆ ನೋಡಿಕೊಳ್ಳಬೇಕು ಅಂತ ತಿಳಿಯಲು ಅದು ಬೇಕು.

ಕೂಸು ಹೊಟ್ಟೆಯಲ್ಲೇ ಹೊಲಸು ಮಾಡಿತ್ತು, ಹುಟ್ಟಿದ ಕೂಡಲೇ ಅಳಲಿಲ್ಲ. ಟ್ರೊಪೊನಿನ್ ಟೆಸ್ಟ್ ಬರೆದಿದ್ದಾರೆ. ಯಾಕೆ?

ಹೊಲಸು ಮಾಡಿದ್ದಕ್ಕೆ ಒಂದಕ್ಕೇ ಬರೆಯುವುದಿಲ್ಲ. ಎಷ್ಟೋ ಕೂಸುಗಳು ದಿನ ಮೀರಿದ್ದಕ್ಕೆ ಹೊಟ್ಟೆಯಲ್ಲೇ ಕಕ್ಕ ಮಾಡಿರುತ್ತವೆ, ಹುಟ್ಟಿ ಜೋರಾಗಿ ಅಳುತ್ತವೆ. ಅಳಲು ತಡವಾದರೆ ಮಾತು ಬೇರೆ. ಉಸಿರುಕಟ್ಟಿದ ಹೊತ್ತಿನಲ್ಲಿ ಹೃದಯದ ಸ್ನಾಯುವೂ ಹಸಿದಿರುತ್ತದೆ. ಅದಕ್ಕೆ ಎಷ್ಟು ಪೆಟ್ಟಾಗಿದೆ, ರಕ್ತದ ಒತ್ತಡ ಹಿಡಿದಿಡಲು ಔಷಧಿ ಬೇಕಾ, ಸಲೈನ್ ಎಷ್ಟು ಕೊಡಬೇಕು ಅನ್ನುವುದನ್ನು ತೂಗಿ ನೋಡಲು ಈ ಪರೀಕ್ಷೆ ಸಹಾಯ ಮಾಡುತ್ತದೆ. ಜೊತೆಗೆ ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್, ಮಾಡುತ್ತಾರೆ. ಬಹಳ ಕೂಸುಗಳಲ್ಲಿ ಹೃದಯದ ಈ ಸುಸ್ತು ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ಮಿದುಳಿನ ಬಗ್ಗೆ ಜಾಸ್ತಿ ನಿಗಾ ಬೇಕು. ಅದರ ಬಗ್ಗೆ ಡಾಕ್ಟರನ್ನು ಬೇರೆಯಾಗಿಯೇ ಕೇಳಿ.

ವ್ಯಾಕ್ಯೂಮ್ ಹಾಕಿ ತೆಗೆದರೆ?

ವ್ಯಾಕ್ಯೂಮ್ ಅಥವಾ ಫೋರ್ಸೆಪ್ಸ್ ಹಾಕುವುದು ಬಹಳ ಸಲ ಕೂಸು ಆಗಲೇ ದಣಿದಾಗ. ಒತ್ತಡದ ಹಾರ್ಮೋನು ಜಾಸ್ತಿ ಕಂಡರೆ ಅದಕ್ಕೆ ಆ ದಣಿವೂ ಕಾರಣ. ಹೊತ್ತಿಗೆ ಸರಿಯಾಗಿ ಎಳೆದದ್ದರಿಂದ ಉಳಿದ ಕೂಸುಗಳು ನಮ್ಮ ವಾರ್ಡಿನಲ್ಲಿ ಎಷ್ಟೋ.

ಸಿಜೇರಿಯನ್ ಆಗಿದ್ದಕ್ಕೆ ಹೃದಯದಲ್ಲಿ ತೂತು ಬಿತ್ತು ಅಂತ ಮನೆಯಲ್ಲಿ ಅಂತಾರೆ. ನಿಜವಾ?

ನಿಜ ಅಲ್ಲ. ಕೂಸಿನ ಹೃದಯದ ಗೋಡೆಗಳು ಬಸಿರಿನ ಮೊದಲ ಎರಡು ತಿಂಗಳ ಆಚೀಚೆಯಲ್ಲೇ ಮೂಡಿ ಮುಗಿದಿರುತ್ತವೆ. ಎಷ್ಟೋ ಹೆಂಗಸರಿಗೆ ಬಸಿರು ಅಂತ ಗೊತ್ತಾಗುವ ಹೊತ್ತಿಗೆ ಆ ಕೆಲಸ ಅರ್ಧ ಮುಗಿದಿರುತ್ತದೆ. ಹೆರಿಗೆ ಹೇಗೆ ಆಯಿತು ಅನ್ನುವುದರಿಂದ ತೂತು ಬೀಳುವುದೂ ಇಲ್ಲ, ಮುಚ್ಚುವುದೂ ಇಲ್ಲ.

ಹುಟ್ಟಿದ ಸಾವಿರ ಕೂಸುಗಳಲ್ಲಿ ಸುಮಾರು 8ರಿಂದ 9ಕ್ಕೆ ಹೃದಯದ ಯಾವುದೋ ಒಂದು ಹುಟ್ಟುದೋಷ ಇರುತ್ತದೆ. ಬಸಿರಿಗೆ ಮೊದಲೇ ಇದ್ದ ಶುಗರ್, ಬಸಿರಿನ ಮೊದಲಲ್ಲಿ ಬಂದ ರುಬೆಲ್ಲಾ, ಕೆಲವು ಔಷಧಿಗಳು ಇದಕ್ಕೆ ಕಾರಣ ಆಗಬಹುದು. ಹತ್ತಿರದ ರಕ್ತಸಂಬಂಧದಲ್ಲಿ ಮದುವೆ ಆದವರ ಮಕ್ಕಳಲ್ಲೂ ಸ್ವಲ್ಪ ಜಾಸ್ತಿ. ನಮ್ಮ ಕಡೆ ಸೋದರಮಾವನ ಜೊತೆ, ಅತ್ತೆಯ ಮಗನ ಜೊತೆ ಮದುವೆ ಇನ್ನೂ ಇದೆ. ಬಹಳ ಸಲ ಯಾವ ಕಾರಣವೂ ಸಿಗುವುದಿಲ್ಲ. ಬಾಣಂತಿಯ ಹಾಸಿಗೆ ಪಕ್ಕದಲ್ಲಿ ಕೂತು "ನೀ ಬೇನೆ ತಡಕೊಳ್ಳಲಿಲ್ಲ, ಅದಕ್ಕ ಹಿಂಗಾತು" ಅನ್ನುವವರನ್ನು ನೋಡಿದ್ದೇನೆ. ಹೊಲಿಗೆ ಹಸಿ ಇರುವ ಹುಡುಗಿ ಗೋಡೆ ಕಡೆ ತಿರುಗಿ ಅಳುತ್ತಿರುತ್ತಾಳೆ. ಆ ಮಾತು ಸುಳ್ಳು. ದಯವಿಟ್ಟು ಅನ್ನಬೇಡಿ.

ಎಲ್ಲಾ ಕೂಸುಗಳಿಗೂ ಟ್ರೊಪೊನಿನ್ ಪರೀಕ್ಷೆ ಮಾಡಿಸಬೇಕಾ?

ಬೇಡ. ಆರೋಗ್ಯವಾಗಿರುವ ಕೂಸಿಗೆ ಸುಮ್ನೆ ಮಾಡಿಸಿದರೆ ಸೂಜಿಯ ನೋವು, ದುಡ್ಡಿನ ಖರ್ಚು, ಆಮೇಲೆ 'ಹೈ' ಅಂತ ಬಂದ ಚೀಟಿ ಹಿಡಿದು ಅಳು. ಅದರ ಬದಲು ಪಲ್ಸ್ ಆಕ್ಸಿಮೀಟರ್ ಪರೀಕ್ಷೆ ಆಗಿದೆಯಾ ಅಂತ ಕೇಳಿ. ಹುಟ್ಟಿ 24 ಗಂಟೆ ಆದ ಮೇಲೆ ಬಲಗೈಗೆ ಮತ್ತು ಒಂದು ಪಾದಕ್ಕೆ ಕೆಂಪು ದೀಪದ ಪಟ್ಟಿ ಸುತ್ತುತ್ತಾರೆ. ರಕ್ತದ ಆಮ್ಲಜನಕ ಎರಡೂ ಕಡೆ ನೂರಕ್ಕೆ 95 ಅಥವಾ ಅದಕ್ಕಿಂತ ಮೇಲಿದ್ದು, ನಡುವಿನ ವ್ಯತ್ಯಾಸ 3ಕ್ಕಿಂತ ಜಾಸ್ತಿ ಇಲ್ಲದಿದ್ದರೆ ಸರಿ. ಸೂಜಿ ಇಲ್ಲ, ನೋವಿಲ್ಲ, ಐದು ನಿಮಿಷದ ಕೆಲಸ. ಹೃದಯದ ಗಂಭೀರ ದೋಷಗಳಲ್ಲಿ ಕೆಲವು ಇದರಿಂದಲೇ ಮೊದಲು ಸಿಗುತ್ತವೆ.

ತಾಯಿಗೆ ಶುಗರ್ ಅಥವಾ ಬಿಪಿ ಇತ್ತು. ಕೂಸಿನ ಹೃದಯಕ್ಕೆ ಸಂಬಂಧ ಇದೆಯಾ?

ಇದೆ, ಹೆರಿಗೆಯ ಬಗೆಗಿಂತ ಜಾಸ್ತಿ ಇದೆ. ತಾಯಿಯ ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಕೂಸಿನ ಹೃದಯದ ನಡುಗೋಡೆ ದಪ್ಪ ಆಗಬಹುದು. ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಅದು ತಾನಾಗಿಯೇ ತೆಳುವಾಗುತ್ತದೆ. ಬಿಪಿ ಇದ್ದಾಗ ಕಸಕ್ಕೆ ರಕ್ತ ಕಮ್ಮಿ ಹೋಗಿ ಕೂಸು ಸಣಕಲಾಗಬಹುದು. ದಿನ ತುಂಬದೆ ಹುಟ್ಟಿದ ಮತ್ತು ತೂಕ ಕಮ್ಮಿ ಇರುವ ಕೂಸುಗಳಲ್ಲೂ ಟ್ರೊಪೊನಿನ್‌ನಂಥ ಹೃದಯದ ಗುರುತುಗಳು ರಕ್ತದಲ್ಲಿ ಜಾಸ್ತಿಯೇ ಇರುತ್ತವೆ.

ಸಿಜೇರಿಯನ್ ಆದ ಕೂಸಿಗೆ ನಾವು ಏನು ಮಾಡಬಹುದು?

ತಾಯಿಯ ಎದೆಯ ಮೇಲೆ ಬರಿಮೈಯಲ್ಲಿ ಮಲಗಿಸಿ. ಬೆನ್ನಿಗೆ ಸೂಜಿ ಕೊಟ್ಟು ಮಾಡಿದ ಆಪರೇಷನ್ ಆದರೆ ತಾಯಿ ಎಚ್ಚರವಾಗಿಯೇ ಇರುತ್ತಾಳೆ, ಮೊದಲ ಗಂಟೆಯಲ್ಲೇ ಹಾಲು ಕುಡಿಸಬಹುದು. ಸಕ್ಕರೆ ನೀರು, ಜೇನುತುಪ್ಪ ಬೇಡ. ಬೆಚ್ಚಗಿದ್ದ ಕೂಸಿನ ಉಸಿರೂ ಎದೆಬಡಿತವೂ ಹದಕ್ಕೆ ಬರುತ್ತವೆ. ಬಳ್ಳಿಯನ್ನು ಒಂದು ನಿಮಿಷವಾದರೂ ತಡೆದು ಕಟ್ಟುವುದು ಒಳ್ಳೆಯದು. ಅದು ಸಿಜೇರಿಯನ್‌ನಲ್ಲೂ ಆಗುತ್ತದೆ. ಮೊದಲೇ ಡಾಕ್ಟರಿಗೆ ಹೇಳಿಟ್ಟಿರಿ.

ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ ಅಂದರೆ ಹೃದಯದ ತೊಂದರೆನೇ?

ಬಹಳ ಸಲ ಅಲ್ಲ. ಬೆಚ್ಚಗಿಡಲು, ಉಸಿರಾಟ ನೋಡಲು, ಕಾಮಾಲೆಗೆ ಬೆಳಕು ಕೊಡಲು ಇಡುತ್ತಾರೆ. ಯಾಕೆ ಇಟ್ಟಿದ್ದೀರಿ ಅಂತ ಕೇಳುವ ಹಕ್ಕು ನಿಮಗಿದೆ.

ಖರ್ಚು?

ಸರ್ಕಾರಿ ಆಸ್ಪತ್ರೆಯಲ್ಲಿ 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ, ಸಿಜೇರಿಯನ್, ಔಷಧಿ, ರಕ್ತಪರೀಕ್ಷೆ, ಕಾಯಿಲೆ ಬಿದ್ದ ಹಸುಗೂಸಿನ ಆರೈಕೆ ಎಲ್ಲ ಉಚಿತ. ಹೃದಯದ ಹುಟ್ಟುದೋಷ ಕಂಡರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ, 2013ರಲ್ಲಿ ಶುರುವಾದದ್ದು. ನಿಮ್ಮ ಆಶಾ ಕಾರ್ಯಕರ್ತೆಗೆ ಹೇಳಿ, ದಾರಿ ತೋರಿಸುತ್ತಾರೆ.

ಮನೆಗೆ ಹೋದ ಮೇಲೆ ಏನು ಕಂಡರೆ ಓಡಿ ಬರಬೇಕು?

ತುಟಿ ಮತ್ತು ನಾಲಿಗೆ ನೀಲಿ ಆದರೆ. ಮೊದಲ ದಿನ ಅಂಗೈ ಅಂಗಾಲು ಸ್ವಲ್ಪ ನೀಲಿ ಇದ್ದರೆ ಹೆದರಬೇಡಿ, ನಾಲಿಗೆ ನೋಡಿ. ಹಾಲು ಕುಡಿಯುವಾಗ ಹಣೆ ಬೆವರಿ, ಎರಡು ಗುಟುಕಿಗೇ ದಣಿದು ಬಿಟ್ಟರೆ. ಮಲಗಿದಾಗಲೂ ನಿಮಿಷಕ್ಕೆ 60ಕ್ಕಿಂತ ಜಾಸ್ತಿ ಉಸಿರಾಡಿದರೆ, ಪಕ್ಕೆ ಒಳಗೆ ಎಳೆದರೆ. ಮೈ ತಣ್ಣಗಾಗಿ, ಎಬ್ಬಿಸಿದರೂ ಏಳದಿದ್ದರೆ. ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ಖಾನಾಪುರದ ಕಾಡಿನಂಚಿನ ಊರುಗಳವರು ಮಳೆಗಾಲದಲ್ಲಿ ಬೆಳಗಾಗಲಿ ಅಂತ ಕಾಯಬೇಡಿ. ದಾರಿಗೇ ಎಷ್ಟು ಹೊತ್ತು ಬೇಕು ಅಂತ ನಿಮಗೆ ಗೊತ್ತಲ್ಲ.

ಈ ರಿಪೋರ್ಟುಗಳನ್ನು ಇಟ್ಟುಕೊಳ್ಳಬೇಕಾ?

ಇಟ್ಟುಕೊಳ್ಳಿ. ತಾಯಿ ಕಾರ್ಡ್, ಡಿಸ್ಚಾರ್ಜ್ ಚೀಟಿ, ಎಕೋ ರಿಪೋರ್ಟ್ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಇರಲಿ. ರಕ್ತ ತೆಗೆದಾಗ ಕೂಸಿಗೆ ಎಷ್ಟು ಗಂಟೆ ಆಗಿತ್ತು ಅಂತ ಮೇಲೆ ಪೆನ್ನಿನಲ್ಲಿ ಬರೆದಿಡಿ. ಆರು ವಾರದ ಲಸಿಕೆಗೆ ಬರುವಾಗ ತನ್ನಿ. ಆ ಹೊತ್ತಿಗೆ ಕೂಸಿನ ಎದೆಗೆ ಸ್ಟೆತಸ್ಕೋಪ್ ಇಟ್ಟು ಇನ್ನೊಮ್ಮೆ ಕೇಳಿಸಬೇಕು.